ಸಾಲಮಾಂಕಾದ ಕಪ್ಪೆ

ಸ್ಪೇನ್ ದೇಶದ ಪಶ್ಚಿಮ ಭಾಗದಲ್ಲಿ, ತೊರ್ಮೆಸ್ ನದಿಯ ದಡದ ದಿಣ್ಣೆಯ ಮೇಲೆ, ಸಾಲಮಾಂಕಾ ಎಂಬ ಪುರಾತನ ನಗರವಿದೆ. ಅಲ್ಲಿಯ ವಿಶ್ವವಿದ್ಯಾನಿಲಯದ ಹಳೆಯ ಕಟ್ಟಡದ ಮುಂದೆ ಹಗಲಿನ ಯಾವ ಹೊತ್ತಿನಲ್ಲಿ ಹೋಗಿ ನಿಂತರೂ ಒಂದು ವಿಚಿತ್ರ ದೃಶ್ಯ ಕಣ್ಣಿಗೆ ಬೀಳುತ್ತದೆ. ಹತ್ತಾರು ಮಂದಿ ಕತ್ತೆತ್ತಿ, ಹುಬ್ಬಿನ ಮೇಲೆ ಅಂಗೈ ಮರೆಮಾಡಿ, ಗೋಡೆಯನ್ನೇ ದಿಟ್ಟಿಸುತ್ತಿರುತ್ತಾರೆ. ಅವರು ಹುಡುಕುತ್ತಿರುವುದು ಒಂದು ಕಪ್ಪೆಯನ್ನು!

ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಎದ್ದುನಿಂತ ಆ ಮುಖಭಿತ್ತಿಯ ತುಂಬ ರಾಜರಾಣಿಯರು, ಲಾಂಛನಗಳು, ಹೂಬಳ್ಳಿಗಳು, ಮೃಗಪಕ್ಷಿಗಳು ಕಿಕ್ಕಿರಿದಿವೆ. ಬೆಳ್ಳಿಯ ಕೆಲಸಗಾರನಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಪ್ಲಾತೆರೊ’ ಎನ್ನುತ್ತಾರೆ. ಕಲ್ಲನ್ನು ಬೆಳ್ಳಿಯಂತೆ ನಯವಾಗಿ ಕೊರೆಯುವ ಈ ಶೈಲಿಗೆ ‘ಪ್ಲಾತೆರೆಸ್ಕೊ’ ಎಂಬ ಹೆಸರು ಬಂದುದು ಅದರಿಂದಲೇ. ಬಲಗಡೆಯ ಕಂಬದ ಮೇಲೆ ಮೂರು ತಲೆಬುರುಡೆಗಳುಂಟು. ಅವುಗಳಲ್ಲೊಂದರ ನೆತ್ತಿಯ ಮೇಲೆ ಆ ಪುಟ್ಟ ಕಪ್ಪೆ ಕುಳಿತಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಕಂಡುಹಿಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವನೆಂದು ಊರಿನವರ ನಂಬಿಕೆ.

ಕಪ್ಪೆಗೆ ಸ್ಪ್ಯಾನಿಷ್ ಮಾತು ‘ರಾನಾ’. ಕನ್ನಡಿಗನೊಬ್ಬ ಈ ಶಬ್ದವನ್ನು ಹತ್ತು ಸಲ ಬಾಯಿಪಾಠ ಮಾಡಿ ಹನ್ನೊಂದನೆಯ ಸಲ ಮರೆಯಬಹುದು. ಆದರೆ ಕಿರೀಟ ಧರಿಸಿ ಬುರುಡೆಯ ಮೇಲೆ ಠೀವಿಯಿಂದ ಕುಳಿತ ಒಬ್ಬ ಕಪ್ಪೆ ‘ರಾಣಿ’ಯನ್ನು ಮನಸ್ಸಿನಲ್ಲಿ ಒಮ್ಮೆ ಚಿತ್ರಿಸಿಕೊಂಡನೆಂದರೆ ಶಬ್ದವು ಅವನನ್ನು ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಈ ಸಣ್ಣ ಉಪಾಯದ ಬಲವೆಷ್ಟು, ದೌರ್ಬಲ್ಯವೆಷ್ಟು ಎಂಬುದನ್ನು ನೋಡಲು ಸಾಲಮಾಂಕಾಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಈ ಊರು ಭಾಷೆಯ ಊರು. ಲೆಯೋನಿನ ದೊರೆ ಒಂಬತ್ತನೆಯ ಅಲ್ಫೋನ್ಸೊ 1218ರಲ್ಲಿ ಇಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದ. ಆಂತೋನಿಯೊ ದೆ ನೆಬ್ರಿಹಾ ಎಂಬ ಪಂಡಿತ ಕ್ಯಾಸ್ಟಿಲಿಯನ್ ಭಾಷೆಗೆ, ಎಂದರೆ ಇಂದಿನ ಸ್ಪ್ಯಾನಿಷ್‌ಗೆ, ಮೊದಲ ವ್ಯಾಕರಣವನ್ನು ರಚಿಸಿ ಅಚ್ಚು ಹಾಕಿಸಿದ್ದು 1492ರಲ್ಲಿ, ಇದೇ ಊರಿನಲ್ಲಿ. ಅದಕ್ಕೆ ಎರಡು ಶತಮಾನಗಳಿಗೂ ಹಿಂದೆ ಕೇಶಿರಾಜ ಶಬ್ದಮಣಿದರ್ಪಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಕಟ್ಟಿದ್ದ. ಪದ್ಯವಾದರೆ ಶಿಷ್ಯನ ನಾಲಗೆಯ ಮೇಲೆ ನಿಲ್ಲುತ್ತದೆ. ನೆಬ್ರಿಹಾ ಬರೆದುದು ಗದ್ಯ. ಅಚ್ಚಿನ ಮೊಳೆ ಬಂದಿದ್ದ ಕಾಲ ಅದು. ನೆನಪಿನ ಹೊರೆಯನ್ನು ಕಾಗದ ಹೊರತೊಡಗಿತ್ತು.

ಇಂದು ಸುಮಾರು 50 ಕೋಟಿ ಜನರ ತಾಯಿನುಡಿಯಾಗಿರುವ ಆ ಭಾಷೆಯನ್ನು ಕಲಿಯಲೆಂದು ನಾನಾ ದೇಶಗಳಿಂದ ಜನರು ಸಾಲಮಾಂಕಾಕ್ಕೆ ಬರುತ್ತಾರೆ. ಅವರಲ್ಲಿ, ವ್ಯಾಸಂಗಕ್ಕೋ ಉದ್ಯೋಗಕ್ಕೋ ಬಂದ ಕನ್ನಡಿಗನೊಬ್ಬನೂ ಇದ್ದಾನೆಂದು ಭಾವಿಸಬಹುದು. ತನ್ನ ಊರಿನಲ್ಲಿ ನಾಲ್ಕು ಜನರೆದುರು ನಿರರ್ಗಳವಾಗಿ ಮಾತನಾಡಬಲ್ಲ ವಯಸ್ಕ ಅವನು. ಇಲ್ಲಿ ಮಾರುಕಟ್ಟೆಯ ಅಂಗಡಿಯೊಂದರ ಮುಂದೆ ಉಪ್ಪನ್ನು ಕೇಳಲು ಬಾರದೆ ಮೂಕನಂತೆ ಬೆರಳು ತೋರಿಸುತ್ತಾನೆ. ಹಿಂದಿನ ರಾತ್ರಿ ದೀಪದ ಮುಂದೆ ಕುಳಿತು ಉರುಹೊಡೆದ ಶಬ್ದ ಬೇಕಾದ ಗಳಿಗೆಯಲ್ಲಿ ಕೈಕೊಟ್ಟಿದೆ. ಅಂಗಡಿಯವಳು ಸಕ್ಕರೆಯ ಪೊಟ್ಟಣವನ್ನೆತ್ತಿ ಕೊಡುತ್ತಾಳೆ. ಅವನು ಅಲ್ಲವೆನ್ನಲಾರದೆ ಅದನ್ನೇ ಹಣ ಕೊಟ್ಟು ಕೊಳ್ಳುತ್ತಾನೆ. ಭಾಷೆ ಬಾರದವನಿಗೆ ಆಗುವ ನಷ್ಟ ಒಂದು ಪೊಟ್ಟಣ ಸಕ್ಕರೆಯಷ್ಟೇ ಅಲ್ಲ. ತಾನು ಬುದ್ಧಿವಂತನೆಂಬ ನಂಬಿಕೆಯೇ ಅಲ್ಲಿ ಅಲುಗಾಡುತ್ತದೆ. ಅನೇಕರು ಕಲಿಕೆಯನ್ನು ಕೈಬಿಡುವುದು ಇಂತಹ ಅವಮಾನಗಳಿಂದಲೇ ಹೊರತು ವ್ಯಾಕರಣದ ಕಾಠಿನ್ಯದಿಂದಲ್ಲ.

ಅವನು ಮೊದಲು ಹೋಗಬೇಕಾದುದು ಗ್ರಂಥಾಲಯಕ್ಕಲ್ಲ, ನದಿಯ ಬಳಿಗೆ. ತೊರ್ಮೆಸ್ ನದಿಗೆ ರೋಮನರು ಕಟ್ಟಿದ ಸೇತುವೆಯೊಂದಿದೆ. ಅದರ 26 ಕಮಾನುಗಳಲ್ಲಿ ಊರಿನ ಕಡೆಯ 15 ರೋಮನರ ಕಾಲದವು. ಸೇತುವೆಯ ತುದಿಯಲ್ಲಿ, ರೋಮನರಿಗಿಂತಲೂ ಹಿಂದಿನ ಜನ ಕಡೆದ ಕಲ್ಲಿನ ಗೂಳಿಯೊಂದು ಗಾಳಿಮಳೆಗಳಿಗೆ ಸವೆದು ನಿಂತಿದೆ. 1554ರಲ್ಲಿ ಪ್ರಕಟವಾದ ‘ಲಾಥಾರಿಯೊ ದೆ ತೊರ್ಮೆಸ್’ ಎಂಬ, ಕರ್ತೃವಿನ ಹೆಸರಿಲ್ಲದ ಕಥೆ ಈ ಗೂಳಿಯನ್ನು ಪ್ರಸಿದ್ಧಗೊಳಿಸಿತು. ಬಡ ಹುಡುಗನೊಬ್ಬ ಕುರುಡು ಭಿಕ್ಷುಕನ ಕೈಹಿಡಿದು ನಡೆಸುವ ಕೆಲಸಕ್ಕೆ ಸೇರುತ್ತಾನೆ. ಊರು ಬಿಡುವಾಗ ಕುರುಡ ಅವನನ್ನು ಗೂಳಿಯ ಹತ್ತಿರ ಕರೆದು, ಕಿವಿಗೊಟ್ಟರೆ ಒಳಗೆ ದೊಡ್ಡ ಸದ್ದು ಕೇಳುವುದೆಂದು ನಂಬಿಸುತ್ತಾನೆ. ಹುಡುಗ ಕಿವಿಗೊಟ್ಟ ಕೂಡಲೇ ಅವನ ತಲೆಯನ್ನು ಕಲ್ಲಿಗೆ ಬಲವಾಗಿ ಜಜ್ಜುತ್ತಾನೆ. ಆ ನೋವು ಮೂರು ದಿನ ಮಾಯಲಿಲ್ಲ. ಆದರೆ ಪಾಠ ಹುಡುಗನಿಗೆ ಜನ್ಮವಿಡೀ ಮರೆಯಲಿಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಕುರುಡರಿಗೆ ದಾರಿ ತೋರುವವರನ್ನು ಇಂದಿಗೂ ‘ಲಾಥಾರಿಯೊ’ ಎಂದೇ ಕರೆಯುತ್ತಾರೆ.

ಸಪ್ಪೆಯಾದುದನ್ನು ಮನಸ್ಸು ಜಾರಿಸುತ್ತದೆ. ಪೆಟ್ಟು ಕೊಟ್ಟುದನ್ನು, ನಗಿಸಿದುದನ್ನು, ಬೆರಗುಗೊಳಿಸಿದುದನ್ನು ಹಿಡಿದಿಟ್ಟುಕೊಳ್ಳುತ್ತದೆ. ಶಬ್ದ ಕಲಿಯುವವನು ತಲೆಯನ್ನು ಕಲ್ಲಿಗೆ ಹೊಡೆದುಕೊಳ್ಳಬೇಕಾಗಿಲ್ಲ. ಆ ಪೆಟ್ಟನ್ನು ಕಲ್ಪನೆಯಿಂದಲೇ ಉಂಟುಮಾಡಿಕೊಳ್ಳಬಹುದು. ಗೂಳಿಗೆ ಸ್ಪ್ಯಾನಿಷ್ ಮಾತು ‘ತೋರೊ’. ಕನ್ನಡದಲ್ಲಿ ‘ತೋರ’ ಎಂದರೆ ದಪ್ಪ. ಸೇತುವೆಯ ತುಂಬ ಊದಿಕೊಂಡು ದಾರಿಗಟ್ಟಿದ ತೋರವಾದ ಗೂಳಿಯನ್ನು ಕಂಡರೆ ಸಾಕು. ಸೇತುವೆಗೆ ‘ಪ್ವೆಂತೆ’, ಅದರ ಮೇಲೆ ನೆರೆದ ‘ಸಂತೆ’ ಅದನ್ನು ನೆನಪಿಗೆ ತರುತ್ತದೆ.

ಇದನ್ನು ಕೇವಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅಟ್ಕಿನ್‌ಸನ್ ಮತ್ತು ರಾ ಎಂಬ ವಿದ್ವಾಂಸರು 1975ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಸ್ಪ್ಯಾನಿಷ್ ಶಬ್ದಗಳ ಮೇಲೂ ರಷ್ಯನ್ ಶಬ್ದಗಳ ಮೇಲೂ ಪ್ರಯೋಗಗಳಾದವು. ರಷ್ಯನ್ ಭಾಷೆಯ 120 ಶಬ್ದಗಳನ್ನು ಕಲಿತವರಲ್ಲಿ ಇಂತಹ ಕೊಂಡಿಯನ್ನು ಬಳಸಿದವರು ನೂರಕ್ಕೆ 72ರಷ್ಟನ್ನು ನೆನಪಿಟ್ಟರೆ, ಬಳಸದವರು 46ರಷ್ಟನ್ನು ಮಾತ್ರ ನೆನಪಿಟ್ಟರು. ಆರು ವಾರಗಳ ಅನಂತರ ಮುನ್ಸೂಚನೆಯಿಲ್ಲದೆ ಮತ್ತೆ ಕೇಳಿದಾಗ ಆ ಸಂಖ್ಯೆಗಳು 43 ಮತ್ತು 28 ಆಗಿದ್ದವು. ಕೊಂಡಿ ಗೆದ್ದಿತು, ನಿಜ. ಆದರೆ ಕೊಂಡಿ ಹಾಕಿದವರೂ ಬಹಳಷ್ಟನ್ನು ಕಳೆದುಕೊಂಡರು. ಈ ಎರಡನೆಯ ಸಂಗತಿಯನ್ನೂ ಮನಸ್ಸಿನಲ್ಲಿಡಬೇಕು.

ಕನ್ನಡಿಗನಿಗೆ ಈ ವಿದ್ಯೆ ಹೊಸದೇನೂ ಅಲ್ಲ. ಛಂದಸ್ಸಿನ ತರಗತಿಯಲ್ಲಿ ಕುಳಿತವರೆಲ್ಲರೂ ‘ಯಮಾತಾರಾಜಭಾನಸಲಗಂ’ ಎಂಬ ಅರ್ಥವಿಲ್ಲದ ಸರಪಳಿಯನ್ನು ಉಚ್ಚರಿಸಿದವರೇ. ಯಾವ ಅಕ್ಷರದಿಂದ ಹೊರಟರೂ ಅಲ್ಲಿಂದ ಮೂರು ಅಕ್ಷರಗಳನ್ನೆಣಿಸಿದರೆ ಆ ಗಣದ ಗುರುಲಘು ವಿನ್ಯಾಸ ಕೈಗೆ ಸಿಕ್ಕುತ್ತದೆ. ಇಷ್ಟೇ ಅಲ್ಲ, ಸ್ಪ್ಯಾನಿಷ್ ಕಲಿಯಲು ಅವನಿಗೊಂದು ವಿಶೇಷ ಅನುಕೂಲವೂ ಇದೆ. ಆ ಭಾಷೆಯ ಎಷ್ಟೋ ಶಬ್ದಗಳು ಕನ್ನಡದ ಶಬ್ದಗಳಂತೆಯೇ ಸ್ವರಾಂತವಾದವು. ಅದರ ತಕಾರ ದಕಾರಗಳು ಇಂಗ್ಲಿಷಿನವುಗಳಂತಲ್ಲದೆ ಹಲ್ಲಿಗೆ ನಾಲಗೆ ತಗಲಿ ಹುಟ್ಟುತ್ತವೆ. ಆದುದರಿಂದ ಕೊಂಡಿಗಳು ಹೇರಳವಾಗಿ ದೊರೆಯುತ್ತವೆ. ‘ಓಹೊ’ ಎಂದರೆ ಕಣ್ಣು: ಬೆರಗಿನಿಂದ ಓಹೋ ಎಂದಾಗ ಅರಳುವುದು ಕಣ್ಣೇ ಅಲ್ಲವೆ? ‘ಕಾರಾ’ ಎಂದರೆ ಮುಖ: ಖಾರ ತಿಂದು ಕೆಂಪೇರಿದ ಮುಖ. ‘ಯಾವೆ’ ಎಂದರೆ ಕೀಲಿಕೈ: ಗೊಂಚಲನ್ನು ಹಿಡಿದು ಯಾವ ಬೀಗಕ್ಕೆ ಯಾವುದೆಂದು ತಡಕಾಡುವವನ ಚಿತ್ರ. ‘ಸಾಲ್’ ಎಂದರೆ, ಅಂದು ಮಾರುಕಟ್ಟೆಯಲ್ಲಿ ಕೈಕೊಟ್ಟ ಉಪ್ಪು: ನೆರೆಮನೆಯಿಂದ ಸಾಲ ತಂದ ಒಂದು ಹಿಡಿ ಉಪ್ಪು!

ಇಲ್ಲಿಗೆ ಶಬ್ದಗಳ ಅರ್ಥ ಸಿಕ್ಕಿತು. ಆದರೆ ಲಿಂಗದ ತೊಡಕು ಉಳಿಯಿತು. ಕನ್ನಡದಲ್ಲಿ ಮನೆಯೂ ಸೇತುವೆಯೂ ನಪುಂಸಕಲಿಂಗ. ಅರ್ಥವನ್ನು ನೋಡಿ ಲಿಂಗವನ್ನು ಹೇಳಬಹುದು. ಸ್ಪ್ಯಾನಿಷ್‌ನಲ್ಲಿ ಸೇತುವೆ ಪುಲ್ಲಿಂಗ, ಮನೆ ಸ್ತ್ರೀಲಿಂಗ. ಹೆಂಡತಿ ಎಂಬ ಒಂದೇ ಅರ್ಥಕ್ಕೆ ಭಾರ್ಯಾ ಸ್ತ್ರೀಲಿಂಗ, ದಾರ ಪುಲ್ಲಿಂಗ, ಕಲತ್ರ ನಪುಂಸಕಲಿಂಗ ಎಂದು ಸಂಸ್ಕೃತದಲ್ಲಿ ಓದಿದವನಿಗೆ ಇದು ಆಶ್ಚರ್ಯವೆನಿಸದಿರಬಹುದು. ಆದರೂ ನೆನಪಿಡುವುದು ಹೇಗೆ?

ಇದಕ್ಕೆ ಪ್ರಾಚೀನ ಗ್ರೀಕರ ಕಥೆಯೊಂದು ದಾರಿ ತೋರುತ್ತದೆ. ಸಿಮೋನಿಡೀಸ್ ಎಂಬ ಕವಿ ಔತಣದ ಮನೆಯಿಂದ ಹೊರಬಂದ ಕ್ಷಣದಲ್ಲೇ ಮಾಳಿಗೆ ಕುಸಿದುಬಿತ್ತಂತೆ. ಗುರುತು ಸಿಗದಂತೆ ನುಜ್ಜುಗುಜ್ಜಾದ ದೇಹಗಳನ್ನು, ಯಾರು ಯಾವ ಸ್ಥಳದಲ್ಲಿ ಕುಳಿತಿದ್ದರೆಂಬುದನ್ನು ನೆನೆದು, ಅವನು ಬಂಧುಗಳಿಗೆ ತೋರಿಸಿಕೊಟ್ಟನೆಂದು ರೋಮನ್ ವಾಗ್ಮಿ ಸಿಸೆರೊ ಹೇಳುತ್ತಾನೆ. ನೆನಪಿಡಬೇಕಾದುದನ್ನು ಒಂದು ಸ್ಥಳದಲ್ಲಿ ಇರಿಸಿದರೆ, ಆ ಸ್ಥಳವನ್ನು ನೆನೆದಾಗ ಅದೂ ಎದುರು ಬರುತ್ತದೆಂಬುದೇ ಇದರ ತಾತ್ಪರ್ಯ.

ಸಾಲಮಾಂಕಾ ಇದಕ್ಕೆಂದೇ ಕಟ್ಟಿದ ಊರಿನಂತಿದೆ. ಕೆಳಗೆ ನದಿ, ಮೇಲೆ ಪಟ್ಟಣ. ನದಿಯ ದಡವನ್ನು ಪುಲ್ಲಿಂಗದ ಕೇರಿಯೆಂದೂ ದಿಣ್ಣೆಯ ಮೇಲಿನ ಪಟ್ಟಣವನ್ನು ಸ್ತ್ರೀಲಿಂಗದ ಕೇರಿಯೆಂದೂ ಗೊತ್ತುಮಾಡಿಕೊಳ್ಳಬಹುದು. ನದಿ ‘ಎಲ್ ರೀಯೊ’, ಸೇತುವೆ ‘ಎಲ್ ಪ್ವೆಂತೆ’, ಗೂಳಿ ‘ಎಲ್ ತೋರೊ’, ಕುರುಡ ‘ಎಲ್ ಥಿಯೇಗೊ’ – ಎಲ್ಲವೂ ಪುಲ್ಲಿಂಗ, ಎಲ್ಲವೂ ಕೆಳಗೇ ಇವೆ. ದಿಣ್ಣೆಯೇರಿದರೆ ಬೀದಿ ‘ಲಾ ಕಾಯೆ’ – ತೆಂಗಿನಕಾಯಿ ಉರುಳಿಕೊಂಡು ಹೋಗುವ ಇಳಿಜಾರಿನ ಬೀದಿ. ಪ್ರಧಾನ ದೇವಾಲಯ ‘ಲಾ ಕತೆದ್ರಾಲ್’. ಕಪ್ಪೆ ‘ಲಾ ರಾನಾ’. ಮನೆ ‘ಲಾ ಕಾಸಾ’. ಚೌಕ ‘ಲಾ ಪ್ಲಾಥಾ’ – ಎಲ್ಲವೂ ಸ್ತ್ರೀಲಿಂಗ. ಹೊಸ ಶಬ್ದ ಸಿಕ್ಕಿದಾಗಲೆಲ್ಲ ಅದನ್ನು ಕೆಳಗೆ ಇಳಿಸಬೇಕೋ ಮೇಲೆ ಹತ್ತಿಸಬೇಕೋ ಎಂದು ತೀರ್ಮಾನಿಸಿ ಅಲ್ಲೊಂದು ಜಾಗ ತೋರಿಸಿದರಾಯಿತು.

ಮೋಸಗಾರರೂ ಇಲ್ಲದಿಲ್ಲ. ನದಿಯ ನೀರು ‘ಎಲ್ ಆಗ್ವಾ’. ಒತ್ತಿ ಹೇಳುವ ಆಕಾರ ಮೊದಲಿಗಿರುವ ಕಾರಣಕ್ಕೆ ‘ಎಲ್’ ಎಂಬ ಗಂಡು ವೇಷ ತೊಟ್ಟಿದೆಯೇ ಹೊರತು ಅದು ಸ್ತ್ರೀಲಿಂಗವೇ. ಮೇಲೆ, ಹೊಸ ಕತೆದ್ರಾಲಿನ ಉತ್ತರದ ಬಾಗಿಲಲ್ಲಿ ಇನ್ನೊಂದು ವಿನೋದವಿದೆ. 1513ರಲ್ಲಿ ಆರಂಭವಾಗಿ ಹದಿನೆಂಟನೆಯ ಶತಮಾನದಲ್ಲಿ ಮುಗಿದ ಆ ಕಟ್ಟಡದ ಕೆತ್ತನೆಯ ಬಳ್ಳಿಗಳ ನಡುವೆ ಗಗನಯಾತ್ರಿಯೊಬ್ಬ ತೇಲುತ್ತಿದ್ದಾನೆ! 1992ರಲ್ಲಿ ಜೀರ್ಣೋದ್ಧಾರ ಮಾಡಿದ ಶಿಲ್ಪಿಗಳು ತಮ್ಮ ಕಾಲದ ಗುರುತಾಗಿ ಅವನನ್ನು ಅಲ್ಲಿ ಸೇರಿಸಿದರು. ಅವನ ಹೆಸರು ‘ಎಲ್ ಆಸ್ತ್ರೊನೌತಾ’. ಕೊನೆಗೆ ಆಕಾರವಿದ್ದರೂ ಪುಲ್ಲಿಂಗ. ತನ್ನದಲ್ಲದ ಕಾಲದಲ್ಲಿ ಸಿಕ್ಕಿಕೊಂಡವನು ತನ್ನದಲ್ಲದ ಕೇರಿಯಲ್ಲೂ ಸಿಕ್ಕಿಕೊಂಡಿದ್ದಾನೆಂದು ನೆನೆದರೆ ಅಪವಾದ ಮರೆಯುವುದಿಲ್ಲ.

ಸ್ವಲ್ಪ ದೂರದಲ್ಲಿ ‘ಕಾಸಾ ದೆ ಲಾಸ್ ಕೊಂಚಾಸ್’ ಇದೆ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಸಿರಿವಂತ ಸರದಾರನೊಬ್ಬನು ಕಟ್ಟತೊಡಗಿದ ಈ ಮನೆಯ ಗೋಡೆಗಳ ಮೇಲೆ 300ಕ್ಕೂ ಹೆಚ್ಚು ಕಲ್ಲಿನ ಚಿಪ್ಪುಗಳಿವೆ. ಈಗ ಅದು ಸಾರ್ವಜನಿಕ ಪುಸ್ತಕಾಲಯ. ಯಾವುದೋ ಒಂದು ಚಿಪ್ಪಿನ ಅಡಿಯಲ್ಲಿ ಚಿನ್ನದ ನಾಣ್ಯವಿದೆಯೆಂದು ಐತಿಹ್ಯ. ‘ಕಾಸು’ ಹುದುಗಿದ ಮನೆ ಕಾಸಾ; ‘ಕೊಂಚ ಕೊಂಚ’ವಾಗಿ ಅಂಟಿಸಿದ ಚಿಪ್ಪು ಕೊಂಚಾ. ಇಷ್ಟು ಹೇಳಿ ಮುಂದೆ ಹೋಗಬಹುದಾಗಿತ್ತು. ಆದರೆ ಕೊಂಚಾ ಎಂಬ ಮಾತಿನ ಬೆನ್ನುಹತ್ತಿದರೆ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳ ಮೂಲಕ ಅದು ಸಂಸ್ಕೃತದ ‘ಶಂಖ’ಕ್ಕೆ ದಾಯಾದಿಯಾಗಿ ನಿಲ್ಲುತ್ತದೆ. ಇಲ್ಲಿ ಕೃತಕವಾದ ಕೊಂಡಿ ಕಳಚಿ, ನಿಜವಾದ ನೆಂಟಸ್ತನ ಕಾಣಿಸಿಕೊಳ್ಳುತ್ತದೆ. ದಂತಕ್ಕೆ ದಿಯೆಂತೆ, ನವಕ್ಕೆ ನ್ವೇವೊ, ನಾಮಕ್ಕೆ ನೋಂಬ್ರೆ – ಇವೂ ಅದೇ ಮನೆತನದವು.

ಪ್ರಧಾನ ಚೌಕದ ಪಕ್ಕದ ಮಾರುಕಟ್ಟೆಯಲ್ಲಿ ಇನ್ನೊಂದು ಬಗೆಯ ನೆಂಟರು ಸಿಕ್ಕುತ್ತಾರೆ. ಅಂದು ತಪ್ಪಾಗಿ ಕೈಗೆ ಬಂದ ಸಕ್ಕರೆಗೆ ‘ಅಥೂಕಾರ್’ ಎಂದು ಹೆಸರು. ಸಂಸ್ಕೃತದ ಶರ್ಕರಾ ಪಾರಸಿಗೂ ಅರಬ್ಬಿಗೂ ಹೋಗಿ ಅರಬ್ಬರೊಡನೆ ಸ್ಪೇನಿಗೆ ಬಂದುದರ ರೂಪ ಅದು. ಕಿತ್ತಳೆಯ ‘ನರಾಂಹಾ’ ನಾರಂಗದ ಮೊಮ್ಮಗಳು. ಆಲೂಗೆಡ್ಡೆಯ ‘ಪತಾತಾ’ವನ್ನು ಕರ್ನಾಟಕದ ಕರಾವಳಿಯವನು ಬಟಾಟೆಯೆಂದು ಕೂಡಲೇ ಗುರುತಿಸುತ್ತಾನೆ. ಸ್ಪೇನಿನ ನೆರೆಯವರಾದ ಪೋರ್ಚುಗೀಸರು ಆ ಕರಾವಳಿಗೆ ತಂದ ಪಾದ್ರಿ, ಇಗರ್ಜಿ, ಚಾವಿಗಳಿಗೂ ಇಲ್ಲಿ ಪಾದ್ರೆ, ಇಗ್ಲೇಸಿಯಾ, ಯಾವೆ ಎಂಬ ಸೋದರರಿದ್ದಾರೆ. ಹೀಗೆ ಗೊತ್ತಿರುವುದನ್ನು ಮತ್ತೆ ಕಂಡುಕೊಳ್ಳುವುದೂ ಕಲಿಕೆಯೇ.

ಆದರೆ ಉಪಾಯಕ್ಕೆ ಎಲ್ಲೆಯುಂಟು. ‘ಪೆರೊ’ ಎಂದರೆ ಆದರೆ. ‘ಪೆಱ್ಱೊ’ ಎಂದರೆ ನಾಯಿ. ಹಳಗನ್ನಡವನ್ನು ಓದಿದವನಿಗೆ ರೇಫ ಮತ್ತು ಶಕಟರೇಫಗಳ ಭೇದ ಕಣ್ಣಿಗೆ ತಿಳಿದೀತು. ನಾಲಗೆಗೆ ತಿಳಿಯಲು ದಿನಗಟ್ಟಲೆ ಅಭ್ಯಾಸ ಬೇಕು. ಕ್ರಿಯಾಪದದ ರೂಪಗಳನ್ನು ಯಾವ ಕಪ್ಪೆರಾಣಿಯೂ ಕಲಿಸಲಾರಳು. ಹಾಕಿದ ಕೊಂಡಿಗಳೂ ಬಿಟ್ಟರೆ ತುಕ್ಕು ಹಿಡಿಯುತ್ತವೆಂಬುದಕ್ಕೆ ಸ್ಟ್ಯಾನ್‌ಫರ್ಡಿನ ಸಂಖ್ಯೆಗಳೇ ಸಾಕ್ಷಿ. ಅದಕ್ಕೆ ಮದ್ದು ಒಂದೇ: ಬಿಟ್ಟು ಮತ್ತೆ ಮರಳುವುದು. ಇಂದು ಕಲಿತುದನ್ನು ನಾಳೆ, ಮೂರು ದಿನ ಕಳೆದು, ವಾರ ಕಳೆದು, ತಿಂಗಳು ಕಳೆದು, ಪುಸ್ತಕ ಮುಚ್ಚಿಟ್ಟು ನೆನಪಿನಿಂದಲೇ ಹೊರಗೆಳೆಯಬೇಕು.

ಮರಳುವುದಕ್ಕೆ ವಿಶ್ವವಿದ್ಯಾನಿಲಯದೊಳಗೆ ಒಂದು ಹಿರಿಯ ನಿದರ್ಶನವಿದೆ. ಅಲ್ಲಿ ಒರಟು ಮರದ ಬೆಂಚುಗಳ ಕೊಠಡಿಯೊಂದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಕವಿಯೂ ಪ್ರಾಧ್ಯಾಪಕನೂ ಆಗಿದ್ದ ಫ್ರಾಯ್ ಲೂಯಿಸ್ ದೆ ಲೆಯೋನ್ ಪಾಠ ಹೇಳುತ್ತಿದ್ದ ಸ್ಥಳವದು. ಪವಿತ್ರಗ್ರಂಥದ ಭಾಗವೊಂದನ್ನು ಜನರ ಭಾಷೆಗೆ ತಂದುದೇ ಮೊದಲಾದ ಆರೋಪಗಳ ಮೇಲೆ 1572ರಲ್ಲಿ ಧರ್ಮನ್ಯಾಯಾಲಯ ಅವನನ್ನು ಸೆರೆಗೆ ಹಾಕಿತು. 1576ರ ಕೊನೆಯಲ್ಲಿ ಬಿಡುಗಡೆಯಾಗಿ ಬಂದ ಅವನು ವಿದ್ಯಾರ್ಥಿಗಳೆದುರು ನಿಂತು, ನಿನ್ನೆ ಹೇಳುತ್ತಿದ್ದುದನ್ನು ಮುಂದುವರಿಸುವವನಂತೆ ಪಾಠವನ್ನಾರಂಭಿಸಿದನೆಂದು ಪರಂಪರೆ ಹೇಳುತ್ತದೆ. ಆ ಕಥೆ ಎಷ್ಟು ನಿಜವೆಂದು ಚರಿತ್ರಕಾರರು ಸಂಶಯಪಡುತ್ತಾರೆ. ಆದರೆ ಊರು ಅದನ್ನು ಬಿಟ್ಟುಕೊಟ್ಟಿಲ್ಲ.

ಮತ್ತೆ ಕಪ್ಪೆಯ ಎದುರಿಗೆ ಬರೋಣ. 1900ರಲ್ಲಿ ಮೊದಲ ಬಾರಿಗೆ ಈ ವಿದ್ಯಾಪೀಠದ ಕುಲಪತಿಯಾಗಿ, 1936ರ ಕೊನೆಯ ದಿನ ಇದೇ ಊರಿನಲ್ಲಿ ತೀರಿಕೊಂಡ ತತ್ತ್ವಜ್ಞಾನಿ ಮಿಗೆಲ್ ದೆ ಉನಾಮುನೊ ಆಡಿದರೆನ್ನಲಾದ ಮಾತೊಂದು ಅಲ್ಲಿ ಪ್ರಚಲಿತವಾಗಿದೆ. ಜನರು ಕಪ್ಪೆಯನ್ನು ನೋಡುವುದು ಕೆಡುಕಲ್ಲ, ಕಪ್ಪೆಯೊಂದನ್ನೇ ನೋಡಿ ಹೋಗುವುದು ಕೆಡುಕು ಎಂಬುದು ಅದರ ಸಾರ. ನೆನಪಿನ ಉಪಾಯಗಳಿಗೂ ಈ ಮಾತು ಸಲ್ಲುತ್ತದೆ. ಕಪ್ಪೆಯ ನೆವದಿಂದ ಕತ್ತೆತ್ತಿದವನು ಮುಖಭಿತ್ತಿಯೆಲ್ಲವನ್ನೂ ನೋಡಲು ಕಲಿತರೆ ಕಪ್ಪೆ ಸಾರ್ಥಕ. ಕೊಂಡಿಗಳನ್ನೇ ಎಣಿಸುತ್ತ ಕೋಣೆಯಲ್ಲಿ ಕುಳಿತವನಿಗೆ ಶಬ್ದಗಳು ಸಾವಿರವಿದ್ದರೂ ಮಾತನಾಡಲು ಜನರಿಲ್ಲ.

ಕೆಲವು ವಾರಗಳ ಅನಂತರ ಆ ಕನ್ನಡಿಗ ಮತ್ತೆ ಅದೇ ಅಂಗಡಿಯ ಮುಂದೆ ನಿಲ್ಲುತ್ತಾನೆ. ಇಳಿಬಿಸಿಲಿಗೆ ಊರಿನ ಕಲ್ಲೆಲ್ಲ ಹೊಂಬಣ್ಣ ತಾಳಿದೆ. ಹತ್ತಿರದ ವಿಯಮಯೋರ್ ಗಣಿಯ ಆ ಕಲ್ಲು ಅಗೆಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗಿ ಬಣ್ಣವೇರುವಂಥದು. ಅವನು ಉಪ್ಪನ್ನು ಕೇಳುತ್ತಾನೆ. ಅಂಗಡಿಯವಳು ಕೊಡುತ್ತಾಳೆ, ಇಂದು ಸೆಕೆ ಹೆಚ್ಚೆಂದು ಏನೋ ಒಂದು ಮಾತನ್ನೂ ಸೇರಿಸುತ್ತಾಳೆ, ಅವನು ತಡವರಿಸುತ್ತಲೇ ಉತ್ತರ ಹೇಳುತ್ತಾನೆ. ಪೊಟ್ಟಣವನ್ನು ಹಿಡಿದು ಚೌಕವನ್ನು ದಾಟುವಾಗ ಅವನಿಗೆ ಹೊಳೆಯುತ್ತದೆ: ಉಪ್ಪನ್ನು ಕೇಳಿದಾಗ ನೆರೆಮನೆಯ ಸಾಲ ತನಗೆ ನೆನಪಾಗಲೇ ಇಲ್ಲ.